ಮದುವೆ ಕಾಗದ ಬಿಟ್ಟು ವೆಬ್‌ಸೈಟ್ ಕಟ್ಟಲು ಹೊರಟಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಸಿಂಗಾರ, ಶಿರಸಿ

ಶಿರಸಿಯ ಒಂದು ಮುದ್ರಣಾಲಯದಲ್ಲಿ ಆರು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಮದುವೆ ಕಾಗದ, ಉಪನಯನದ ಆಮಂತ್ರಣ, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಕಣ್ಣು ಮುಚ್ಚಿ ಬೆರಳಚ್ಚು ಮಾಡುತ್ತೇನೆ, ಕೋರೆಲ್‌ಡ್ರಾದಲ್ಲಿ ಕೈ ಪಳಗಿದೆ. ಆಷಾಢ ಬಂತೆಂದರೆ ಮೊದಲಿನಿಂದಲೂ ಕೆಲಸವಿಲ್ಲ. ಈಗ ಆಮಂತ್ರಣವೆಲ್ಲ ವಾಟ್ಸ್‌ಆ್ಯಪ್ ಚಿತ್ರವಾಗಿ ಹೋಗುತ್ತಿರುವುದರಿಂದ ವೈಶಾಖದಲ್ಲೂ ಅಷ್ಟಕ್ಕಷ್ಟೆ.

ವೆಬ್ ಡಿಸೈನ್ ಕಲಿಯೋಣವೆಂದು ಮೂರು ತಿಂಗಳಿಂದ ವಿಡಿಯೊ ನೋಡುತ್ತಿದ್ದೇನೆ. ನೋಡಿದ್ದೇ ಬಂತು. ಒಬ್ಬರು ಎಚ್‌ಟಿಎಂಎಲ್‌ನಿಂದ ತೊಡಗಿ ಎನ್ನುತ್ತಾರೆ. ಇನ್ನೊಬ್ಬರು ಅದೆಲ್ಲ ಹಳೆಯದು, ವರ್ಡ್‌ಪ್ರೆಸ್ ಸಾಕು ಎನ್ನುತ್ತಾರೆ. ಮೂರನೆಯವರು ರಿಯಾಕ್ಟ್ ಬಾರದಿದ್ದರೆ ಅನ್ನವೇ ಇಲ್ಲ ಎಂದು ಹೆದರಿಸುತ್ತಾರೆ.

ಯಾಣದ ದಾರಿಯಲ್ಲಿ ನನ್ನ ದೊಡ್ಡಪ್ಪನ ಮನೆ. ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದಾರೆ. "ನಮಗೊಂದು ವೆಬ್‌ಸೈಟ್ ಮಾಡಿಕೊಡು ಕೂಸೆ" ಎಂದು ಹಬ್ಬಕ್ಕೆ ಹೋದಾಗ ಹೇಳಿದರು. ಆಗಲಿ ಎಂದು ಬಂದುಬಿಟ್ಟಿದ್ದೇನೆ. ಡೊಮೇನ್, ಹೋಸ್ಟಿಂಗ್ ಎರಡರ ನಡುವಿನ ವ್ಯತ್ಯಾಸ ಕೂಡ ಸರಿಯಾಗಿ ತಿಳಿದಿಲ್ಲ. ಬಲ್ಲವರು ದಾರಿ ಹೇಳಿ.

ಅಳಿವೆ ಬಾಗಿಲು, ಕಾರವಾರ

ತಂಗಿ, ಮೊದಲು ವಿಡಿಯೊ ನಿಲ್ಲಿಸಿ. ದಂಡೆಯ ಮೇಲೆ ಕುಳಿತು ಈಜು ಕಲಿಯುವವರನ್ನು ಇಲ್ಲಿ ಟ್ಯಾಗೋರ್ ಕಡಲತೀರದಲ್ಲಿ ದಿನವೂ ನೋಡುತ್ತೇನೆ.

ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಮಾಡಿ. ಅದರೊಳಗೆ ಇಂಡೆಕ್ಸ್ ಎಂಬ ಹೆಸರಿನ ಒಂದು ಎಚ್‌ಟಿಎಂಎಲ್ ಕಡತ ಇಡಿ. ನೋಟ್‌ಪ್ಯಾಡಿನಲ್ಲಿ ಬರೆದರೂ ನಡೆಯುತ್ತದೆ. ಕೋಡ್ ಬರೆಯಲೆಂದೇ ಇರುವ ವಿಎಸ್ ಕೋಡ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕಣ್ಣಿಗೆ ಹಿತ. ಬರೆದದ್ದನ್ನು ಬ್ರೌಸರಿನಲ್ಲಿ ತೆರೆದು ನೋಡಿ. ಇದಕ್ಕೆ ಸರ್ವರ್ ಬೇಡ, ಇಂಟರ್‌ನೆಟ್ಟೂ ಬೇಡ. ಮಳೆಗಾಲದಲ್ಲಿ ನೆಟ್ ಸತ್ತಿರುವಾಗಲೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕಲಿಯಬಹುದು.

ಎಚ್‌ಟಿಎಂಎಲ್ ಎಂದರೆ ಇದು ತಲೆಬರಹ, ಇದು ಪ್ಯಾರಾ, ಇದು ಚಿತ್ರ, ಇದು ಕೊಂಡಿ ಎಂದು ಒಂದೊಂದಕ್ಕೂ ಹೆಸರಿಡುವುದು. ಅವುಗಳಿಗೆ ಬಣ್ಣ, ಅಳತೆ, ಜಾಗ ಕೊಡುವುದು ಸಿಎಸ್‌ಎಸ್. ನೀವು ಕೋರೆಲ್‌ಡ್ರಾದಲ್ಲಿ ಎರಡನ್ನೂ ಒಟ್ಟಿಗೇ ಮಾಡುತ್ತೀರಿ, ಇಲ್ಲಿ ಬಿಡಿಸಿ ಮಾಡಬೇಕು. ಒತ್ತಿದಾಗ ಪುಟ ಪ್ರತಿಕ್ರಿಯಿಸುವಂತೆ ಮಾಡುವ ಜಾವಾಸ್ಕ್ರಿಪ್ಟ್ ಮೂರನೆಯದು, ಎರಡು ಕೋಣೆಯ ಹೋಂಸ್ಟೇಗೆ ಅದು ಬೇಕಾಗುವುದೇ ಅನುಮಾನ. ಅದರ ಮೇಲೆ ಕಟ್ಟಿದ ರಿಯಾಕ್ಟ್ ಮಾತನ್ನು ಸದ್ಯ ಮರೆತುಬಿಡಿ.

ನಿಮಗೆ ಕಷ್ಟವಾಗುವುದು ಬೇರೆಯದೇ ಒಂದು: ಕಾಗದವನ್ನು ಮರೆಯುವುದು. ಮದುವೆ ಕಾಗದಕ್ಕೆ ಉದ್ದ, ಅಗಲ ಉಂಟು. ವೆಬ್ ಪುಟಕ್ಕೆ ಇಲ್ಲ. ಅದೇ ಪುಟವನ್ನು ಒಬ್ಬರು ಅಂಗೈಯಗಲದ ಮೊಬೈಲಿನಲ್ಲಿ ನೋಡುತ್ತಾರೆ, ಇನ್ನೊಬ್ಬರು ಕಚೇರಿಯ ದೊಡ್ಡ ಪರದೆಯಲ್ಲಿ. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ಡಿಸೈನರ್ ಇದಕ್ಕೆ ಹೊಂದಿಕೊಳ್ಳುವ ಕ್ರಮವನ್ನು ರೆಸ್ಪಾನ್ಸಿವ್ ಎಂದು ಕರೆದರು. ಅಳತೆಯನ್ನು ಸೆಂಟಿಮೀಟರಿನಲ್ಲಿ ಯೋಚಿಸದೆ ಪಾಲಿನಲ್ಲಿ ಯೋಚಿಸುವುದೇ ಅದರ ತಿರುಳು. ಕಡತದ ತಲೆಯ ಭಾಗದಲ್ಲಿ ವ್ಯೂಪೋರ್ಟ್ ಎಂಬ ಒಂದು ಸಾಲು ಇರಲೇಬೇಕು; ಬಿಟ್ಟರೆ ಮೊಬೈಲ್ ನಿಮ್ಮ ಪುಟವನ್ನು ಇರುವೆಯ ಸಾಲಿನಷ್ಟು ಸಣ್ಣದು ಮಾಡಿ ತೋರಿಸುತ್ತದೆ. ಅಚ್ಚಿನ ಸಿಎಂವೈಕೆ ಬಣ್ಣ, 300 ಡಿಪಿಐ ಸಾಂದ್ರತೆ ಎಲ್ಲವನ್ನೂ ಪ್ರೆಸ್ಸಿನಲ್ಲಿಯೇ ಬಿಟ್ಟು ಬನ್ನಿ. ಪರದೆಗೆ ಆರ್‌ಜಿಬಿ ಬಣ್ಣ, ಪಿಕ್ಸೆಲ್ ಲೆಕ್ಕ.

ಗಜನಿ ಗದ್ದೆ, ಕುಮಟಾ

ಅಳಿವೆ ಅಣ್ಣ ಹೇಳಿದ್ದು ಸರಿಯಾದ ದಾರಿ, ಆದರೆ ಹೊಟ್ಟೆ ತುಂಬಿದವರ ದಾರಿ. ಇವರಿಗೆ ಆಷಾಢಕ್ಕೆ ಮೊದಲು ನಾಲ್ಕು ಕಾಸು ಬೇಕು.

ವರ್ಡ್‌ಪ್ರೆಸ್ 2003ರಿಂದ ಇದೆ. ಕೋಡ್ ಬರೆಯದೆಯೂ ವೆಬ್‌ಸೈಟ್ ಕಟ್ಟಬಹುದಾದ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಾಗಿಲ್ಲ. ಜಗತ್ತಿನ ವೆಬ್‌ಸೈಟುಗಳಲ್ಲಿ ಶೇ 40ಕ್ಕಿಂತ ಹೆಚ್ಚು ಅದರ ಮೇಲೆಯೇ ನಡೆಯುತ್ತಿವೆ. ಒಳ್ಳೆಯ ಥೀಮ್, ಅಂದರೆ ಸಿದ್ಧ ವಿನ್ಯಾಸ ಹಾಕಿ, ಚಿತ್ರ ಬದಲಿಸಿ, ವಾರದಲ್ಲಿ ಕೈಗೆ ಕೊಡಬಹುದು. ಗಿರಾಕಿಯೇ ದರ ಬದಲಿಸಿಕೊಳ್ಳಬಹುದು, ನಡುರಾತ್ರಿ ನಿಮಗೆ ಫೋನ್ ಮಾಡುವುದಿಲ್ಲ. ಒಂದೇ ಎಚ್ಚರ: ವರ್ಡ್‌ಪ್ರೆಸ್ ಡಾಟ್ ಕಾಂ ಬೇರೆ, ವರ್ಡ್‌ಪ್ರೆಸ್ ಡಾಟ್ ಆರ್ಗ್ ಬೇರೆ. ಮೊದಲನೆಯದರಲ್ಲಿ ಅವರೇ ಜಾಗ ಕೊಟ್ಟು ಬಾಡಿಗೆ ಪಡೆಯುತ್ತಾರೆ. ಎರಡನೆಯದರಲ್ಲಿ ತಂತ್ರಾಂಶ ಇಳಿಸಿಕೊಂಡು ನಿಮ್ಮ ಹೋಸ್ಟಿಂಗ್‌ನಲ್ಲಿ ನೀವೇ ಹೂಡಬೇಕು. ಇದು ಗೊತ್ತಿಲ್ಲದೆ ನಾನು ಒಂದು ತಿಂಗಳು ದಂಡ ಮಾಡಿಕೊಂಡೆ.

ಅಳಿವೆ ಬಾಗಿಲು, ಕಾರವಾರ

ಎರಡು ಕೋಣೆ, ಒಂದು ದರ, ಐದು ಚಿತ್ರ, ಒಂದು ಫೋನ್ ಸಂಖ್ಯೆ. ಇಷ್ಟಕ್ಕೆ ವರ್ಡ್‌ಪ್ರೆಸ್ಸಿನ ಡೇಟಾಬೇಸ್ ಏಕೆ ಮಾರಾಯರೆ? ವರ್ಡ್‌ಪ್ರೆಸ್ಸಿಗೆ, ಥೀಮಿಗೆ, ಹೆಚ್ಚಿನ ಸೌಲಭ್ಯಕ್ಕೆಂದು ಸೇರಿಸುವ ಪ್ರತಿಯೊಂದು ಪ್ಲಗಿನ್ನಿಗೆ ಆಗಾಗ ಅಪ್‌ಡೇಟ್ ಹಾಕುತ್ತಿರಬೇಕು. ಹಾಕದಿದ್ದರೆ ಹಳೆಯ ಪ್ಲಗಿನ್ನಿನ ತೂತಿನಿಂದ ಕಳ್ಳರು ನುಗ್ಗುತ್ತಾರೆ. ಅದನ್ನು ಯಾರು ನೋಡಿಕೊಳ್ಳುವವರು, ದೊಡ್ಡಪ್ಪನೆ?

ಬರಿಯ ಎಚ್‌ಟಿಎಂಎಲ್ ಕಡತಗಳ ತಾಣದಲ್ಲಿ ಆ ತಲೆನೋವು ಇಲ್ಲ. ಇಡುವುದಕ್ಕೆ ಬಾಡಿಗೆಯೂ ಬೇಡ. ಕಲಿಯುವಾಗ ಉಚಿತವಾಗಿ ಪುಟ ಇಡಲು ಬಿಡುವ ಗಿಟ್‌ಹಬ್ ಪೇಜಸ್‌ನಲ್ಲಿ ಹಾಕಿ ನೋಡಿ. ಆದರೆ ಅದನ್ನು ಆನ್‌ಲೈನ್ ವ್ಯಾಪಾರ ನಡೆಸಲು ಬಳಸಬಾರದೆಂದು ಅವರ ನಿಯಮವೇ ಹೇಳುತ್ತದೆ. ದೊಡ್ಡಪ್ಪನ ತಾಣಕ್ಕೆ ಅಂತಹದೇ ಇನ್ನೊಂದಾದ ಕ್ಲೌಡ್‌ಫ್ಲೇರ್ ಪೇಜಸ್ ಇಟ್ಟುಕೊಳ್ಳಿ. ಸಂಪರ್ಕವನ್ನು ಸುರಕ್ಷಿತವಾಗಿಡುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರವೂ ಅದರ ಜೊತೆಗೇ ಬರುತ್ತದೆ, ಅದಕ್ಕೆಂದು ಬೇರೆ ದುಡ್ಡು ಕೇಳುವವರನ್ನು ನಂಬಬೇಡಿ. ನಾಳೆ ಒಂದು ಅಂಗಡಿಯವರು ವಾರಕ್ಕೆ ಹತ್ತು ಸಲ ದರ ಬದಲಿಸುತ್ತೇವೆ ಎಂದರೆ, ಆಗ ಗಜನಿಯವರ ಮಾತು ಕೇಳೋಣ.

ಬೇಲೆ, ಗೋಕರ್ಣ

ಈ ಕಾಲದಲ್ಲಿ ವೆಬ್‌ಸೈಟ್ ಯಾರು ನೋಡುತ್ತಾರೆ? ಇನ್‌ಸ್ಟಾಗ್ರಾಂನಲ್ಲಿ ಒಂದು ರೀಲ್ಸ್ ಹಾಕಿ. ಗೂಗಲ್ ಮ್ಯಾಪಿನಲ್ಲಿ ಹೆಸರು ಸೇರಿಸಿ. ಮುಗಿಯಿತು.

ಗಜನಿ ಗದ್ದೆ, ಕುಮಟಾ

ಮ್ಯಾಪಿನ ಮಾತು ನಿಜ, ಅದನ್ನು ಮೊದಲ ದಿನವೇ ಮಾಡಬೇಕು. ರೀಲ್ಸ್ ಮಾತು ಅರ್ಧ ನಿಜ. ನನ್ನ ಮುರುಗಲು ವ್ಯಾಪಾರದ ಗೆಳೆಯನ ಖಾತೆಯನ್ನು ಒಂದು ಸಾಮಾಜಿಕ ಜಾಲ ಕಾರಣ ಹೇಳದೆ ಮುಚ್ಚಿತು. ಎರಡು ವರ್ಷ ಕೂಡಿಸಿದ ಗಿರಾಕಿಗಳೆಲ್ಲ ಒಂದೇ ರಾತ್ರಿಯಲ್ಲಿ ಹೋದರು. ಯಾರಿಗೆ ಅರ್ಜಿ ಕೊಡುವುದು? ಬಾಡಿಗೆ ಮನೆಯ ಅಂಗಳದಲ್ಲಿ ತೆಂಗು ನೆಟ್ಟ ಹಾಗಾಯಿತು.

ಕೊನೆಗೌಡ, ಸಿದ್ದಾಪುರ

ಎಲ್ಲರೂ ಮನೆ ಕಟ್ಟುವ ಮಾತೇ ಆಡುತ್ತಿದ್ದೀರಿ. ಜಾಗ ಯಾರ ಹೆಸರಿನಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ನಾನು ಕೇಳುತ್ತೇನೆ, ಏಕೆಂದರೆ ನನಗೆ ಪೆಟ್ಟು ಬಿದ್ದಿದೆ.

ಮೊದಲು ಆ ವ್ಯತ್ಯಾಸ. ಡೊಮೇನ್ ಎಂದರೆ ವಿಳಾಸ. ಹೋಸ್ಟಿಂಗ್ ಎಂದರೆ ಕಡತಗಳು ಇರುವ ಜಾಗ. ಎರಡನ್ನೂ ಬೇರೆ ಬೇರೆ ಕಡೆ ಪಡೆಯಬಹುದು. ಈ ವಿಳಾಸಕ್ಕೆ ಬಂದವರನ್ನು ಆ ಜಾಗಕ್ಕೆ ಕಳುಹಿಸು ಎಂದು ಹೇಳುವ ದಾಖಲೆ ಡಿಎನ್‌ಎಸ್. ಹೋಸ್ಟಿಂಗ್ ಕೆಟ್ಟರೆ ಕಡತಗಳನ್ನು ಇನ್ನೊಂದು ಕಡೆ ಇಟ್ಟು ಡಿಎನ್‌ಎಸ್ ತಿದ್ದಿದರೆ ಆಯಿತು. ವಿಳಾಸವೇ ಕೈಬಿಟ್ಟರೆ ಬೇರೆ ಉಪಾಯವಿಲ್ಲ.

ಈಗ ಕಥೆ. ಶಿರಸಿಯ ಒಂದು ವಸತಿಗೃಹದವರು ಮಾರಿಕಾಂಬಾ ಜಾತ್ರೆಗೆಂದು ವೆಬ್‌ಸೈಟ್ ಮಾಡಿಸಿದರು. ಮಾಡಿಕೊಟ್ಟ ಹುಡುಗ ಡಾಟ್ ಕಾಂ ವಿಳಾಸವನ್ನು ತನ್ನ ಹೆಸರಿನಲ್ಲಿ, ತನ್ನ ಇಮೇಲಿಗೆ, ಒಂದೇ ವರ್ಷಕ್ಕೆ ಕೊಂಡ. ಜಾತ್ರೆ ಮುಗಿಯಿತು. ಹುಡುಗ ಬೆಂಗಳೂರಿಗೆ ಹೋದ, ಫೋನ್ ಸಂಖ್ಯೆ ಬದಲಾಯಿತು. ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ, ಡೊಮೇನ್ ಹಣ ಕಟ್ಟುವುದು ವರ್ಷಕ್ಕೊಮ್ಮೆ. ನಡುವಿನ ಆ ವರ್ಷ ಯಾರಿಗೂ ನೆನಪಾಗಲಿಲ್ಲ. ನವೀಕರಿಸಿ ಎಂಬ ಎಚ್ಚರಿಕೆಗಳೆಲ್ಲ ಹುಡುಗ ತೆರೆದು ನೋಡದ ಇಮೇಲಿಗೆ ಬಂದು ಬಿದ್ದವು. ಮುಂದಿನ ಜಾತ್ರೆಗೆ ಅವರು ಅದೇ ವಿಳಾಸವನ್ನು ಬ್ಯಾನರಿಗೆ ಹಾಕಿಸಿ ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿದರು. ತೆರೆದು ನೋಡಿದವರಿಗೆ ಕಂಡದ್ದು ಇಸ್ಪೀಟು ಜೂಜಿನ ಪುಟ. ಆ ಹುಡುಗ ನಾನೇ.

ಡಾಟ್ ಕಾಂ ವಿಳಾಸ ಅವಧಿ ಮುಗಿದ ಕೂಡಲೇ ಹರಾಜಾಗುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಕೊಂಡಲ್ಲಿಯೇ ಕೆಲವು ದಿನ ಸಾಮಾನ್ಯ ಬೆಲೆಗೆ ಉಳಿಸಿಕೊಳ್ಳಲು ಬಿಡುತ್ತಾರೆ. ಅದು ದಾಟಿದರೆ 30 ದಿನದ ಇನ್ನೊಂದು ಅವಧಿ, ಆಗ ದೊಡ್ಡ ದಂಡ ತೆರಬೇಕು. ನಂತರ 5 ದಿನ ಯಾರಿಗೂ ಇಲ್ಲ. ಆಮೇಲೆ ಮೊದಲು ಬಂದವರ ಪಾಲು. ಇಷ್ಟು ಸಮಯವಿದ್ದೂ ಕಳೆದೆ.

ಅಡಿಕೆ ಕೊನೆ ಕೊಯ್ಯುವವನು ಮರ ಹತ್ತುತ್ತಾನೆ, ಕೊನೆ ಇಳಿಸುತ್ತಾನೆ, ಕೂಲಿ ಪಡೆಯುತ್ತಾನೆ. ತೋಟದ ಪಹಣಿಯಲ್ಲಿ ಅವನ ಹೆಸರು ಇರುತ್ತದೆಯೆ? ದೊಡ್ಡಪ್ಪನ ಡೊಮೇನ್ ದೊಡ್ಡಪ್ಪನ ಹೆಸರಿನಲ್ಲಿ, ಅವರ ಇಮೇಲಿಗೆ, ಅವರ ಫೋನಿಗೆ ಇರಬೇಕು. ಕೊಳ್ಳುವಾಗ ಮೊದಲ ವರ್ಷದ ಬೆಲೆ ನೋಡಿ ಮರುಳಾಗಬೇಡಿ, ಎರಡನೆಯ ವರ್ಷ ಎಷ್ಟು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಒಟ್ಟಿಗೇ 10 ವರ್ಷದವರೆಗೂ ಕಟ್ಟಬಹುದು. ಸಾಧ್ಯವಿದ್ದರೆ ಮೂರು ವರ್ಷಕ್ಕಾದರೂ ಕಟ್ಟಿಸಿ.

ಸಿಂಗಾರ, ಶಿರಸಿ

ಕೊನೆಗೌಡರೆ, ಆ ಬ್ಯಾನರನ್ನು ನಾನು ನೋಡಿದ್ದೇನೆ ಎನ್ನಿಸುತ್ತದೆ. ಹೆಚ್ಚು ಹೇಳುವುದಿಲ್ಲ.

ಎರಡು ವಾರದಲ್ಲಿ ಒಂದು ಪುಟ ನಿಂತಿದೆ. ಆದರೆ ಹೊಸ ಸಂಕಟ. ಪ್ರೆಸ್ಸಿನಲ್ಲಿ ದೊಡ್ಡಪ್ಪನ ಕರಪತ್ರಕ್ಕೆಂದು ನುಡಿಯಲ್ಲಿ ಬೆರಳಚ್ಚು ಮಾಡಿದ್ದ ಬರಹವನ್ನೇ ಪುಟಕ್ಕೆ ಅಂಟಿಸಿದೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡಿತು. ಮೊಬೈಲಿನಲ್ಲಿ ನೋಡಿದರೆ ಒಂದಕ್ಷರ ಕನ್ನಡವಿಲ್ಲ, ಬರಿಯ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಮೊಳೆ ಜೋಡಿಸಿದವ, ಹೊನ್ನಾವರ

ಇದು ನನ್ನ ಹೊಲದ ಬೆಳೆ, ಸ್ವಲ್ಪ ಉದ್ದ ಹೇಳುತ್ತೇನೆ. ಸೀಸದ ಮೊಳೆ ಜೋಡಿಸುವುದರಿಂದ ಶುರು ಮಾಡಿದವನು ನಾನು, ಆಮೇಲೆ ಡಿಟಿಪಿಗೆ ಬಂದೆ, ಈಗ ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ನೀವು ಬೆರಳಚ್ಚು ಮಾಡಿದ್ದು ನುಡಿಯ ಹಳೆಯ ಆಸ್ಕಿ ಕ್ರಮದಲ್ಲಿ. ಅದರಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ರೋಮನ್ ಅಕ್ಷರಗಳ ಸಂಕೇತಗಳನ್ನೇ. ಅವುಗಳ ಮೇಲೆ ಕನ್ನಡದ ಚಿತ್ರ ಹೊದಿಸುವುದು ಫಾಂಟ್. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಹೊದಿಕೆ ಜಾರಿ ಒಳಗಿನದು ಕಾಣಿಸಿತು. ಗೂಗಲ್ ಓದುವುದೂ ಆ ಒಳಗಿನದನ್ನೇ. "ಯಾಣ ಹೋಂಸ್ಟೇ" ಎಂದು ಯಾರು ಹುಡುಕಿದರೂ ನಿಮ್ಮ ಪುಟ ಸಿಗುವುದಿಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳ ಸಾಲು ಇದೆ. ಅದು ಬಂದದ್ದು ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ. ಸರ್ನ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದ ಮೊದಲ ವೆಬ್‌ಸೈಟ್ ಹೊರಲೋಕಕ್ಕೆ ತಿಳಿದದ್ದೂ ಅದೇ ವರ್ಷ. ಆದರೂ ನಾವು ಅಚ್ಚಿನವರು ಆಸ್ಕಿಯನ್ನು ಇನ್ನೂ ಬಿಟ್ಟಿಲ್ಲ.

ನುಡಿಯೊಂದಿಗೇ ಪರಿವರ್ತಕ ಬರುತ್ತದೆ, ಆಸ್ಕಿಯಿಂದ ಯುನಿಕೋಡಿಗೆ ಬದಲಿಸಿ. ಬದಲಿಸಿದ ಮೇಲೆ ಕುಳಿತು ಕರಡು ತಿದ್ದಿ. ಅರ್ಕಾವೊತ್ತು ಎಲ್ಲೆಲ್ಲೋ ಹೋಗಿರುತ್ತದೆ. "ಸಾಫ್ಟ್‌ವೇರ್" ಎಂಬುದು "ಸಾಫ್ಟ್ವೇರ್" ಎಂದಾಗಿರುತ್ತದೆ. ಒತ್ತಕ್ಷರ ಆಗಬಾರದ ಕಡೆ ಕಣ್ಣಿಗೆ ಕಾಣದ ಒಂದು ತಡೆ ಚಿಹ್ನೆ ಹಾಕಬೇಕು. ಕಡತವನ್ನು ಯುನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಉಳಿಸಿ, ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನ ಮೊದಲ ಗುರುತಿನಲ್ಲಿಯೇ ತಿಳಿಸಿ.

ಇನ್ನು ಅಂದ. ಇಂಗ್ಲಿಷಿಗೆಂದು ಮಾಡಿದ ಅಚ್ಚಿನಲ್ಲಿ ಕನ್ನಡ ಎರೆದರೆ ಸಾಲಿಗೆ ಸಾಲು ಡಿಕ್ಕಿ ಹೊಡೆಯುತ್ತದೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.7 ಪಟ್ಟಿನಷ್ಟು ಇಡುವುದು ನನ್ನ ರೂಢಿ. ತಲೆಬರಹದಲ್ಲಿ ಅಕ್ಷರಗಳನ್ನು ದೂರ ದೂರ ಇಡುವ ಷೋಕಿ ಇಂಗ್ಲಿಷಿನ ದೊಡ್ಡಕ್ಷರಕ್ಕೆ ಸರಿ, ನಮಗೆ ಬೇಡ. ಫಾಂಟಿನಲ್ಲಿ ಓರೆ ರೂಪ ಇಲ್ಲದಿರುವಾಗ ಇಟಾಲಿಕ್ ಹಾಕಿದರೆ ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ತಳ್ಳಿ ಓರೆ ಮಾಡುತ್ತದೆ, ಗಾಳಿಗೆ ಬಾಗಿದ ಬಾಳೆಯಂತೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಟೈರೊ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಟೈರೊದಲ್ಲಿ ನನ್ನ ಹಳೆಯ ಮೊಳೆಗಳ ನೆನಪಾಗುತ್ತದೆ, ಅದು ನನ್ನ ಹುಚ್ಚು. ಬೂದು ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರ ಮಾತ್ರ ಹಾಕಬೇಡಿ. ಅಕ್ಷರ, ಹಿನ್ನೆಲೆಗಳ ಹೊಳಪಿನ ನಡುವೆ ಕನಿಷ್ಠ 4.5ಕ್ಕೆ 1ರ ಅನುಪಾತ ಇರಬೇಕೆಂಬ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ನನ್ನಂತಹ ಮುದುಕರೂ ಓದುತ್ತೇವೆ.

ಸಿಂಗಾರ, ಶಿರಸಿ

ಅಜ್ಜ, ಪರಿವರ್ತಿಸಿದೆ. ಮೊಬೈಲಿನಲ್ಲಿ ಕನ್ನಡ ಬಂತು. "ದರ್ಶನ" ಎಂಬುದು ಮೂರು ಕಡೆ ಕೆಟ್ಟಿತ್ತು, ತಿದ್ದಿದೆ. ಡಾಟ್ ಭಾರತ ಎಂದು ಕನ್ನಡ ಲಿಪಿಯಲ್ಲಿಯೇ ವಿಳಾಸ ಸಿಗುತ್ತದೆಯಂತೆ, ಅದನ್ನೇ ಕೊಳ್ಳಲೆ?

ಮೊಳೆ ಜೋಡಿಸಿದವ, ಹೊನ್ನಾವರ

ಆಸೆ ನನಗೂ ಉಂಟು. ಆದರೆ ನಿಮ್ಮ ಅತಿಥಿಗಳು ಪುಣೆ, ಹೈದರಾಬಾದಿನಿಂದಲೂ ಬರುವವರು, ಅವರು ಕನ್ನಡದಲ್ಲಿ ವಿಳಾಸ ಒತ್ತುವುದಿಲ್ಲ. ಎಷ್ಟೋ ಕಡೆ ಅಂಟಿಸಿದಾಗ ಅದು ಗುರುತೇ ಸಿಗದ ಇಂಗ್ಲಿಷ್ ಅಕ್ಷರಮಾಲೆಯಾಗಿ ಕಾಣುತ್ತದೆ. ಡಾಟ್ ಇನ್ ಮುಖ್ಯವಾಗಿರಲಿ. ಕಾಸು ಮಿಕ್ಕರೆ ಕನ್ನಡದ್ದನ್ನೂ ಕೊಂಡು ಅದರ ಕಡೆಗೆ ತಿರುಗಿಸಿ.

ಇಶಾಡ್ ಬುಟ್ಟಿ, ಅಂಕೋಲಾ

ಮದುವೆ ಫೋಟೊ ತೆಗೆಯುವವನು ನಾನು. ಒಂದೇ ಮಾತು. ಮೊಬೈಲಿನಲ್ಲಿ ತೆಗೆದ ಚಿತ್ರ ಒಂದೊಂದೂ ನಾಲ್ಕೈದು ಎಂಬಿ ಇರುತ್ತದೆ. ಹಾಗೆಯೇ ಏರಿಸಿದರೆ ಘಟ್ಟದ ಸಿಗ್ನಲ್‌ನಲ್ಲಿ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಜೋಗಕ್ಕೆ ಹೋಗಿಯಾಗಿರುತ್ತದೆ. ಅಗಲವನ್ನು 1,600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿ ಉಳಿಸಿ. 200 ಕೆಬಿ ಒಳಗೆ ಬಂದರೆ ಸಾಕು. ಇನ್ನೊಂದು, ಶೌಚಾಲಯದ ಚಿತ್ರ ಹಾಕಿ. ನಾಚಿಕೆ ಬೇಡ, ಹೋಂಸ್ಟೇಗೆ ಬರುವವರು ಮೊದಲು ಹುಡುಕುವುದು ಅದನ್ನೇ.

ಗಜನಿ ಗದ್ದೆ, ಕುಮಟಾ

ದುಡ್ಡಿನ ಮಾತು ಯಾರೂ ಎತ್ತುತ್ತಿಲ್ಲ. ನಾನು ಮೊದಲ ಕೆಲಸಕ್ಕೆ 4,000 ರೂಪಾಯಿ ಪಡೆದು ಆರು ತಿಂಗಳು ತಿದ್ದಿಕೊಟ್ಟೆ. ಮಾಲೀಕರ ಅಳಿಯ ಊರಿಗೆ ಬಂದಾಗಲೆಲ್ಲ ಬಣ್ಣ ಬದಲಾಯಿತು. ಈಗ ಅರ್ಧ ಹಣ ಮುಂಗಡ. ಎಷ್ಟು ಪುಟ, ಎಷ್ಟು ಸಲ ತಿದ್ದುವುದು ಎಂದು ಕಾಗದದಲ್ಲಿ ಬರೆದು ಸಹಿ. ಡೊಮೇನ್ ಹಣವನ್ನು ಅವರ ಕಾರ್ಡಿನಿಂದಲೇ ಕಟ್ಟಿಸುತ್ತೇನೆ. ವರ್ಷದ ನಿಗಾ ಶುಲ್ಕ ಬೇರೆ, ಅದರಲ್ಲಿಯೇ ನನ್ನ ಮನೆ ನಡೆಯುತ್ತಿದೆ. ಜಿಎಸ್‌ಟಿ ಎಂದು ಹೆದರಬೇಡಿ, ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದಾಗ ನೋಂದಣಿಯ ಮಾತು. ಆ ದಿನ ಬಂದರೆ ಎಲ್ಲರಿಗೂ ಹೋಳಿಗೆ ಊಟ ಹಾಕಿ.

ದೊಡ್ಡಪ್ಪನಿಂದ ಎಷ್ಟು ತೆಗೆದುಕೊಳ್ಳುತ್ತೀರಿ?

ಸಿಂಗಾರ, ಶಿರಸಿ

ದೊಡ್ಡಪ್ಪ ಎರಡು ಡಬ್ಬ ಜೋನಿ ಬೆಲ್ಲ ಕೊಟ್ಟಿದ್ದಾರೆ. ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಬೇರೆ.

ನಿನ್ನೆ ತಾಣ ಹೊರಗೆ ಬಿಟ್ಟೆ, ಹೇಗೆ ನಡೆಯಿತೆಂದು ಬರೆಯುತ್ತೇನೆ. ಕೊನೆಗೌಡರ ಮಾತಿನಂತೆ ಡೊಮೇನನ್ನು ದೊಡ್ಡಪ್ಪನ ಹೆಸರಿನಲ್ಲಿಯೇ ಮಾಡಿಸಬೇಕೆಂದು ಹಠ ಹಿಡಿದು ಅವರ ಮನೆಗೆ ಹೋದೆ. ಮಾರುವ ಕಂಪನಿಯವರು ಓಟಿಪಿಯನ್ನು ಅವರ ಫೋನಿಗೆ ಕಳುಹಿಸುತ್ತಾರೆ. ಮನೆಯಲ್ಲಿ ಸಿಗ್ನಲ್ ಇಲ್ಲ. ಸಿಗುವುದು ಸೊಪ್ಪಿನ ಬೆಟ್ಟದ ತುದಿಯಲ್ಲಿ, ಒಂದು ಮತ್ತಿ ಮರದ ಕೆಳಗೆ ಮಾತ್ರ. ಲ್ಯಾಪ್‌ಟಾಪ್ ಹೊತ್ತು ಅಲ್ಲಿಗೇ ಹತ್ತಿದೆವು. ನನ್ನ ಫೋನಿನ ನೆಟ್ ಹಂಚಿಕೊಂಡು ಪುಟ ತೆರೆದೆ. ಮೊದಲ ಓಟಿಪಿ ಬರುವಷ್ಟರಲ್ಲಿ ಅವಧಿ ಮುಗಿದಿತ್ತು. ಎರಡನೆಯದು ಬಂದಾಗ ದೊಡ್ಡಪ್ಪ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದು ತಿಳಿಯಿತು, ನಾನು ಫೋನ್ ಕಸಿದುಕೊಂಡು ಓದಿದೆ. ಬ್ಯಾಂಕಿನದು ಮೂರನೆಯ ಓಟಿಪಿ. ಅಷ್ಟರಲ್ಲಿ ಉಂಬಳ ಹತ್ತಿತ್ತು. "ಪಹಣಿ ಮಾಡಿಸುವಾಗಲೂ ಇಷ್ಟು ಓಡಾಡಿರಲಿಲ್ಲ ಕೂಸೆ" ಎಂದರು. ಮೂರು ವರ್ಷಕ್ಕೆ ಕಟ್ಟಿದ್ದಾರೆ.

ಮನೆಗೆ ಬಂದು ಡಿಎನ್‌ಎಸ್ ದಾಖಲೆ ಇರುವ ನೇಮ್‌ಸರ್ವರ್ ಬದಲಿಸಿದೆ. ಬದಲಾವಣೆ ಎಲ್ಲ ಕಡೆ ಹರಡಲು ಒಂದೆರಡು ದಿನ ಬೇಕಾಗಬಹುದು ಎಂದು ಓದಿದ್ದೆ. ಎರಡು ಗಂಟೆಯಲ್ಲಿ ಪುಟ ಬಂತು. ಫೋನ್ ಸಂಖ್ಯೆಯ ಕೆಳಗೆ "ಸಂಜೆ 5ರಿಂದ 6ರವರೆಗೆ ಮಾತ್ರ ಕರೆ ಮಾಡಿ" ಎಂದು ಹಾಕಿದ್ದೇನೆ. ದೊಡ್ಡಪ್ಪ ಬೆಟ್ಟ ಹತ್ತುವುದು ಆ ಹೊತ್ತಿಗೆ. ಕೊಂಡಿಯನ್ನು ಎಲ್ಲರಿಗೂ ಸಂದೇಶದಲ್ಲಿ ಕಳುಹಿಸಿದ್ದೇನೆ, ನೋಡಿ ಬೈಯಿರಿ.

ಅಳಿವೆ ಬಾಗಿಲು, ಕಾರವಾರ

ಅಕ್ಷರ ಚೆನ್ನಾಗಿದೆ, ಬೇಗ ತೆರೆಯುತ್ತದೆ. ಆದರೆ ತಂಗಿ, ಫೋನ್ ಸಂಖ್ಯೆಯನ್ನು ಒತ್ತಿದರೆ ಕರೆ ಹೋಗುತ್ತಿಲ್ಲ. ಅದು ಮೇಲಿನ ಚಿತ್ರದೊಳಗೇ ಸೇರಿಕೊಂಡಿದೆ, ನಕಲು ಮಾಡಲೂ ಬರುವುದಿಲ್ಲ.

ಸಿಂಗಾರ, ಶಿರಸಿ

ಅಯ್ಯೊ, ಕರಪತ್ರದ ಚಾಳಿ. ಕೋರೆಲ್‌ಡ್ರಾದಲ್ಲಿ ಮಾಡಿದ ಚಿತ್ರವನ್ನೇ ಹಾಕಿಬಿಟ್ಟೆ. ಈಗ ಚಿತ್ರದಿಂದ ತೆಗೆದು ಬರಹವಾಗಿ ಬರೆದು, ಕರೆ ಹೋಗುವ ಕೊಂಡಿ ಕೊಟ್ಟಿದ್ದೇನೆ. ಒತ್ತಿ ನೋಡಿ.

ಅಳಿವೆ ಬಾಗಿಲು, ಕಾರವಾರ

ಹೋಯಿತು. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು.

ಸಿಂಗಾರ, ಶಿರಸಿ

ಗಂಟೆ ಆರೂವರೆ ಆಯಿತಲ್ಲ ಅಣ್ಣ, ಬೆಟ್ಟ ಇಳಿದಿರುತ್ತಾರೆ.